ಆಸ್ಪತ್ರೆಯ ಮೇಲಿನ ಆಕಾಶ: ತುರ್ತು ಹೆಲಿಕಾಪ್ಟರ್ ಮಾರ್ಗಗಳ ರಕ್ಷಣೆಯ ಇತಿಹಾಸ

ನಗರದ ಆಸ್ಪತ್ರೆಯೊಂದಕ್ಕೆ ಹೆಲಿಕಾಪ್ಟರಿನಲ್ಲಿ ರೋಗಿಯನ್ನು ತರಬೇಕಾದರೆ ಅದರ ಮಾಳಿಗೆಯ ಮೇಲೆ ಹೆಲಿಪ್ಯಾಡ್ ಇದ್ದರಷ್ಟೇ ಸಾಲದು. ದೂರದಿಂದ ಇಳಿಯುತ್ತ ಬರುವುದಕ್ಕೂ ಮತ್ತೆ ಮೇಲೇರಿ ಹೋಗುವುದಕ್ಕೂ ಕಟ್ಟಡ, ಗೋಪುರ, ಕ್ರೇನುಗಳ ಅಡ್ಡಿಯಿಲ್ಲದ, ಓರೆಯಾಗಿ ಏರುವ ಒಂದು ತೆರೆದ ದಾರಿ ಗಾಳಿಯಲ್ಲಿ ಇರಲೇಬೇಕು. ಇದನ್ನೇ ಹಾರಾಟ ಮಾರ್ಗವೆನ್ನುತ್ತಾರೆ. ನೆಲದ ರಸ್ತೆಯಂತೆ ಈ ದಾರಿ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ, ಅದು ಮುಚ್ಚಿಹೋಗುತ್ತಿರುವುದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ವಿಮಾನ ನಿಲ್ದಾಣಗಳ ಸುತ್ತಣ ಆಕಾಶಕ್ಕೆ ಕಾನೂನಿನ ಕಾವಲು ದೊರೆತು ದಶಕಗಳು ಕಳೆದ ಮೇಲಷ್ಟೇ ಆಸ್ಪತ್ರೆಗಳ ಆಕಾಶಕ್ಕೆ ಅಂಥ ಕಾವಲು ಬಂದಿತು, ಅದೂ ಜಗತ್ತಿನ ಕೆಲವೇ ನಗರಗಳಲ್ಲಿ. ಈ ವಿಳಂಬಕ್ಕೆ ಕಾರಣವೇನು, ಅದನ್ನು ಸರಿಪಡಿಸಿದವರು ಹೇಗೆ ಸರಿಪಡಿಸಿದರು ಎಂಬುದನ್ನು ತಿಳಿಯಬೇಕಾದರೆ ಭೂಮಿಯ ಒಡೆತನ, ಯುದ್ಧಭೂಮಿಯ ವೈದ್ಯಕೀಯ ಮತ್ತು ನಗರ ಯೋಜನೆ ಎಂಬ ಮೂರು ಬೇರೆಬೇರೆ ಇತಿಹಾಸಗಳನ್ನು ಒಟ್ಟಿಗೆ ಓದಬೇಕಾಗುತ್ತದೆ.

ನೆಲದ ಒಡೆಯನೇ ಅದರ ಮೇಲಿನ ಆಕಾಶಕ್ಕೂ ಅದರ ಕೆಳಗಿನ ಪಾತಾಳಕ್ಕೂ ಒಡೆಯನೆಂಬ ಹಳೆಯ ಲ್ಯಾಟಿನ್ ಸೂತ್ರವೊಂದು ಇಂಗ್ಲೆಂಡಿನ ಕಾನೂನಿನಲ್ಲಿ ಶತಮಾನಗಳ ಕಾಲ ಉಳಿದುಕೊಂಡಿತ್ತು. ಹಾರುವ ಯಂತ್ರಗಳಿಲ್ಲದ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ವಿಮಾನಗಳು ಬಂದ ಮೇಲೆ, ಪ್ರತಿಯೊಂದು ಹೊಲದ ಮೇಲೆ ಹಾರುವಾಗಲೂ ಅದರ ಒಡೆಯನ ಅನುಮತಿ ಬೇಕೇ ಎಂಬ ಪ್ರಶ್ನೆ ಎದ್ದಿತು. ಭಾರತದಲ್ಲಿ 1934ರ ವಿಮಾನ ಅಧಿನಿಯಮವು, ಗಾಳಿ, ಹವಾಮಾನ ಮತ್ತು ಸಂದರ್ಭಗಳನ್ನು ಗಮನಿಸಿ ನ್ಯಾಯಸಮ್ಮತವೆನಿಸುವ ಎತ್ತರದಲ್ಲಿ ವಿಮಾನ ಹಾರಿತೆಂಬ ಒಂದೇ ಕಾರಣಕ್ಕೆ ಅತಿಕ್ರಮಣದ ದಾವೆ ಹೂಡುವಂತಿಲ್ಲವೆಂದು ವಿಧಿಸಿ ಈ ಪ್ರಶ್ನೆಯನ್ನು ಮೊದಲೇ ಬಗೆಹರಿಸಿತು. ಅಮೆರಿಕದಲ್ಲಿ ಅದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ಸಮೀಪದ ಕೋಳಿ ಸಾಕಣೆದಾರ ಥಾಮಸ್ ಲೀ ಕಾಸ್ಬಿಯವರ ಜಮೀನಿನ ಮೇಲೆ, ನೆಲದಿಂದ ಕೇವಲ 83 ಅಡಿ ಎತ್ತರದಲ್ಲಿ, ಸೇನಾ ವಿಮಾನಗಳು ಪಕ್ಕದ ನಿಲ್ದಾಣಕ್ಕೆ ಇಳಿಯುತ್ತಿದ್ದವು. ಆ ಸದ್ದಿಗೆ ಬೆದರಿದ ಕೋಳಿಗಳು ಗೋಡೆಗಳಿಗೆ ಡಿಕ್ಕಿ ಹೊಡೆದು ಸುಮಾರು 150ರಷ್ಟು ಸತ್ತಿದ್ದವು. 1946ರ ತೀರ್ಪಿನಲ್ಲಿ ನ್ಯಾಯಾಲಯವು ಆಕಾಶದವರೆಗಿನ ಒಡೆತನದ ಹಳೆಯ ಸೂತ್ರವನ್ನು ಕೈಬಿಟ್ಟು, ಮೇಲಿನ ಆಕಾಶವು ಸಾರ್ವಜನಿಕರ ಹೆದ್ದಾರಿಯೆಂದು ಒಪ್ಪಿಕೊಂಡಿತು. ಅದರ ಜೊತೆಗೇ, ನೆಲದ ಒಡೆಯನು ನಿಜವಾಗಿ ಬಳಸಬಲ್ಲಷ್ಟು ಎತ್ತರದ ಜಾಗ ಅವನದೇ ಎಂದೂ, ಅದನ್ನು ಬಳಸದಂತೆ ಮಾಡಿದರೆ ಸರ್ಕಾರ ಪರಿಹಾರ ಕೊಡಬೇಕೆಂದೂ ಹೇಳಿತು. ಆಕಾಶದ ಮೇಲ್ಭಾಗ ಎಲ್ಲರದು, ಕೆಳಭಾಗ ಒಡೆಯನದು ಎಂಬ ಈ ವಿಭಜನೆಯ ಗಡಿರೇಖೆ ಎಲ್ಲಿದೆಯೆಂಬುದೇ ಮುಂದಿನ ಎಲ್ಲ ವಿವಾದಗಳ ಮೂಲವಾಯಿತು, ಏಕೆಂದರೆ ಆಸ್ಪತ್ರೆಗೆ ಇಳಿಯುವ ಹೆಲಿಕಾಪ್ಟರ್ ಹಾರುವುದು ಸರಿಯಾಗಿ ಆ ಗಡಿಯ ಆಸುಪಾಸಿನಲ್ಲಿಯೇ.

ಹೆಲಿಕಾಪ್ಟರ್ ಮತ್ತು ಗಾಯಾಳುವಿನ ನಂಟು ಆ ಯಂತ್ರದಷ್ಟೇ ಹಳೆಯದು. 1944ರ ಏಪ್ರಿಲ್‌ನಲ್ಲಿ ಅಮೆರಿಕದ ಸೈನ್ಯಾಧಿಕಾರಿ ಕಾರ್ಟರ್ ಹಾರ್ಮನ್ ಅಸ್ಸಾಮಿನ ಲಾಲಾಘಾಟ್ ನೆಲೆಯಿಂದ ಹೊರಟು, ಬರ್ಮಾದ ಕಾಡಿನಲ್ಲಿ ಜಪಾನಿ ಸೇನೆಯ ನಡುವೆ ಸಿಕ್ಕಿಬಿದ್ದಿದ್ದ ಒಬ್ಬ ಪೈಲಟ್ ಮತ್ತು ಮೂವರು ಬ್ರಿಟಿಷ್ ಸೈನಿಕರನ್ನು ಸಿಕೋರ್ಸ್ಕಿ ಕಂಪನಿಯ ಪುಟ್ಟ ಹೆಲಿಕಾಪ್ಟರಿನಲ್ಲಿ ಹೊರತಂದರು. ಆ ಯಂತ್ರಕ್ಕೆ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಹೊರುವ ಶಕ್ತಿಯಿದ್ದುದರಿಂದ ನಾಲ್ಕು ಜನರಿಗಾಗಿ ನಾಲ್ಕು ಬಾರಿ ಅದೇ ಬಯಲಿಗೆ ಹಾರಬೇಕಾಯಿತು. ಕೊರಿಯಾ ಯುದ್ಧದಲ್ಲಿ ಹೆಲಿಕಾಪ್ಟರಿನ ಎರಡೂ ಬದಿಗೆ ಸ್ಟ್ರೆಚರ್ ಕಟ್ಟಿ ಸಾವಿರಾರು ಗಾಯಾಳುಗಳನ್ನು ರಣರಂಗದ ಹಿಂದಿದ್ದ ಶಸ್ತ್ರಚಿಕಿತ್ಸಾ ಶಿಬಿರಗಳಿಗೆ ಸಾಗಿಸಲಾಯಿತು; ವಿಯೆಟ್ನಾಂ ಯುದ್ಧದಲ್ಲಿ ಈ ಪದ್ಧತಿ ಇನ್ನಷ್ಟು ಬೆಳೆಯಿತು. ಯುದ್ಧದಲ್ಲಿ ಉಳಿಯುತ್ತಿದ್ದ ಜೀವಗಳು ತಾಯ್ನಾಡಿನ ಹೆದ್ದಾರಿಗಳಲ್ಲಿ ಏಕೆ ಉಳಿಯುತ್ತಿಲ್ಲವೆಂಬ ಪ್ರಶ್ನೆಯನ್ನು ವೈದ್ಯರು ಗಟ್ಟಿಯಾಗಿ ಕೇಳತೊಡಗಿದರು. ತೀವ್ರ ಗಾಯದ ನಂತರದ ಮೊದಲ ಒಂದು ಗಂಟೆಯೇ ಜೀವ ಉಳಿಸುವ ಅವಧಿಯೆಂಬ, ಈಗ ಗೋಲ್ಡನ್ ಅವರ್ ಎಂದು ಎಲ್ಲೆಡೆ ಪರಿಚಿತವಾಗಿರುವ ಕಲ್ಪನೆಯನ್ನು ಪ್ರಚುರಪಡಿಸಿದ ಮೇರಿಲ್ಯಾಂಡಿನ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ, ರಾಜ್ಯ ಪೊಲೀಸರ ಹೆಲಿಕಾಪ್ಟರುಗಳಲ್ಲಿ ಗಾಯಾಳುಗಳನ್ನು ತರುವ ವ್ಯವಸ್ಥೆಯನ್ನು 1970ರಲ್ಲಿ ಆರಂಭಿಸಲು ಕಾರಣರಾದರು.

ಅದೇ 1970ರ ನವೆಂಬರ್ 1ರಂದು ಮ್ಯೂನಿಕ್ ನಗರದ ಹಾರ್ಲಾಖಿಂಗ್ ಆಸ್ಪತ್ರೆಯಲ್ಲಿ ಜರ್ಮನಿಯ ವಾಹನ ಚಾಲಕರ ಸಂಘವಾದ ಎಡಿಎಸಿಯ ಕ್ರಿಸ್ಟೋಫ್-1 ಎಂಬ ಹೆಲಿಕಾಪ್ಟರ್ ಕಾಯಂ ಸೇವೆಗೆ ನಿಂತಿತು. 1972ರಲ್ಲಿ ಅಮೆರಿಕದ ಡೆನ್ವರ್‌ನ ಸೇಂಟ್ ಆಂಥೊನಿ ಆಸ್ಪತ್ರೆ ತನ್ನದೇ ಹೆಲಿಕಾಪ್ಟರ್ ಸೇವೆಯನ್ನು ತೆರೆಯಿತು. ಅಲ್ಲಿ ಬಳಕೆಯಾದ ಫ್ರಾನ್ಸಿನ ಆಲೂಯೆಟ್-3 ಎಂಬ ಮಾದರಿಯನ್ನೇ ಬೆಂಗಳೂರಿನ ಎಚ್‌ಎಎಲ್ 1960ರ ದಶಕದಿಂದ ಚೇತಕ್ ಎಂಬ ಹೆಸರಿನಲ್ಲಿ ತಯಾರಿಸುತ್ತಿತ್ತು. ಕೆನಡಾದ ಒಂಟಾರಿಯೊ ಪ್ರಾಂತ 1977ರಲ್ಲಿ ಟೊರಾಂಟೊದಿಂದ ಹೆಲಿಕಾಪ್ಟರ್ ಆಂಬುಲೆನ್ಸ್ ಆರಂಭಿಸಿತು. ಲಂಡನ್ನಿನಲ್ಲಿ 1989ರಲ್ಲಿ ಸೇವೆ ಆರಂಭವಾಗಿ, ಮರುವರ್ಷ ವೈಟ್‌ಚಾಪೆಲ್‌ನ ರಾಯಲ್ ಲಂಡನ್ ಆಸ್ಪತ್ರೆಯ ಮಾಳಿಗೆಯೇ ಅದರ ನೆಲೆಯಾಯಿತು. ಈ ಎಲ್ಲ ಆರಂಭಗಳಲ್ಲಿ ಒಂದು ಸಮಾನ ನಂಬಿಕೆ ಕಾಣುತ್ತದೆ: ಹೆಲಿಕಾಪ್ಟರಿಗೆ ಓಡುಹಾದಿ ಬೇಡ, ಅದು ನೇರವಾಗಿ ಇಳಿದು ನೇರವಾಗಿ ಏರುತ್ತದೆ, ಆದ್ದರಿಂದ ನಾಲ್ಕು ಗೋಡೆಗಳ ನಡುವಿನ ಅಂಗಳವಿದ್ದರೂ ಅದಕ್ಕೆ ಸಾಕು. ಆಸ್ಪತ್ರೆಗಳ ಆಕಾಶವನ್ನು ಕಾಯುವ ಅಗತ್ಯ ಯಾರಿಗೂ ಹೊಳೆಯದೇ ಹೋದದ್ದಕ್ಕೆ ಈ ನಂಬಿಕೆಯೇ ಮೊದಲ ಕಾರಣ.

ಹೆಲಿಕಾಪ್ಟರ್ ಮತ್ತು ಎತ್ತರದ ಕಟ್ಟಡ ಪರಸ್ಪರ ವಿರೋಧಿಗಳೆಂಬ ಭಾವನೆಯೂ ಆ ಕಾಲದಲ್ಲಿ ಇರಲಿಲ್ಲ. ಅವು ಪರಸ್ಪರ ಪೂರಕವೆಂದೇ ನಗರಗಳು ತಿಳಿದಿದ್ದವು. 1972ರ ಫೆಬ್ರವರಿಯಲ್ಲಿ ಬ್ರೆಜಿಲ್‌ನ ಸಾವೊ ಪೌಲೊದ ಆಂಡ್ರಾಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ನೂರಾರು ಜನರನ್ನು ಅದರ ಮಾಳಿಗೆಯಿಂದ ಹೆಲಿಕಾಪ್ಟರುಗಳು ಪಾರುಮಾಡಿದವು. ಎರಡು ವರ್ಷಗಳ ನಂತರ ಅದೇ ನಗರದ ಜೊಯೆಲ್ಮಾ ಕಟ್ಟಡಕ್ಕೆ ಬೆಂಕಿ ಬಿದ್ದಾಗ, ಇಳಿಯಲು ತಕ್ಕ ಮಾಳಿಗೆಯಿಲ್ಲದೆ, ಹೊಗೆ ಮತ್ತು ಬಿಸಿಗಾಳಿಯಲ್ಲಿ ಹೆಲಿಕಾಪ್ಟರುಗಳು ಹತ್ತಿರ ಸುಳಿಯಲಾರದೆ, ನೂರೆಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 1974ರಲ್ಲಿ ಲಾಸ್ ಏಂಜಲೀಸ್ ನಗರವು ಎತ್ತರದ ಹೊಸ ಕಟ್ಟಡಗಳೆಲ್ಲ ಮಾಳಿಗೆಯ ಮೇಲೆ ತುರ್ತು ಹೆಲಿಪ್ಯಾಡ್ ಹೊಂದಿರಬೇಕೆಂದು ನಿಯಮ ಮಾಡಿ, ಅದನ್ನು ನಾಲ್ಕು ದಶಕಗಳ ಕಾಲ, 2014ರವರೆಗೆ, ಉಳಿಸಿಕೊಂಡಿತು. ಇದಕ್ಕೆ ವಿರುದ್ಧವಾದ ಪಾಠ ನ್ಯೂಯಾರ್ಕಿನಿಂದ ಬಂದಿತು. 1977ರ ಮೇ 16ರಂದು 59 ಮಹಡಿಗಳ ಪ್ಯಾನ್ ಆಮ್ ಕಟ್ಟಡದ ಮೇಲೆ ನಿಂತಿದ್ದ ಪ್ರಯಾಣಿಕ ಹೆಲಿಕಾಪ್ಟರಿನ ಚಕ್ರದ ಆಧಾರ ಮುರಿದು ಅದು ಮಗುಚಿಬಿದ್ದಾಗ, ತಿರುಗುತ್ತಿದ್ದ ರೆಕ್ಕೆಗೆ ಸಿಕ್ಕಿ ಮಾಳಿಗೆಯ ಮೇಲೆ ನಾಲ್ವರೂ, ಕೆಳಗೆ ಬಿದ್ದ ತುಂಡು ತಗುಲಿ ಬೀದಿಯಲ್ಲಿ ಒಬ್ಬರೂ ಸತ್ತರು. ಹೆಲಿಕಾಪ್ಟರ್ ನಗರದ ಮೇಲೆ ಹಾರುವಾಗ ಅದರ ಅಪಾಯವನ್ನು ಹೊರುವವರು ಅದರಲ್ಲಿ ಕುಳಿತವರಷ್ಟೇ ಆಗಿರುವುದಿಲ್ಲ ಎಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು.

ಇಂಥ ಅನುಭವಗಳ ಹಿನ್ನೆಲೆಯಲ್ಲಿ ಹೆಲಿಕಾಪ್ಟರಿನ ಇಳಿದಾಣಗಳಿಗೂ ಕಟ್ಟುನಿಟ್ಟಾದ ಲೆಕ್ಕಾಚಾರ ರೂಪುಗೊಂಡಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1990ರಲ್ಲಿ, ವಿಮಾನ ನಿಲ್ದಾಣಗಳನ್ನು ಕುರಿತ ತನ್ನ 14ನೇ ಅನುಬಂಧಕ್ಕೆ ಹೆಲಿಪೋರ್ಟ್‌ಗಳಿಗಾಗಿಯೇ ಎರಡನೆಯ ಸಂಪುಟವನ್ನು ಸೇರಿಸಿತು. ಅದರ ಪ್ರಕಾರ ಇಳಿದಾಣದ ಸುರಕ್ಷಿತ ಅಂಚಿನಿಂದ ಹೊರಕ್ಕೆ, ದೂರ ಹೋದಂತೆ ಅಗಲವಾಗುತ್ತ ಮೇಲೇರುವ ಒಂದು ಕಾಲ್ಪನಿಕ ಇಳಿಜಾರು ತಲವಿರುತ್ತದೆ. ಅದನ್ನು ಯಾವ ಕಟ್ಟಡವೂ ಭೇದಿಸಿ ಮೇಲೇಳಬಾರದು. ಈ ಇಳಿಜಾರಿಗೆ ಮೂರು ಪ್ರಮಾಣಗಳಿವೆ: ನೂರು ಮೀಟರಿಗೆ ನಾಲ್ಕೂವರೆ ಮೀಟರ್ ಏರುವುದು, ಎಂಟು ಮೀಟರ್ ಏರುವುದು, ಹನ್ನೆರಡೂವರೆ ಮೀಟರ್ ಏರುವುದು. ಒಂದು ಆಸ್ಪತ್ರೆಯ ಹೆಲಿಪ್ಯಾಡ್ ನೆಲದಿಂದ 30 ಮೀಟರ್ ಎತ್ತರದಲ್ಲಿದೆಯೆಂದೂ, ಅದರ ಮಾರ್ಗದಲ್ಲಿ ಒಂದು ಕಿಲೋಮೀಟರ್ ದೂರದಲ್ಲಿ ಹೊಸ ಕಟ್ಟಡವೊಂದು ಏಳಲಿದೆಯೆಂದೂ ಭಾವಿಸಿದರೆ, ಮೂರನೆಯ ಪ್ರಮಾಣದಲ್ಲಿ ಆ ಕಟ್ಟಡ 155 ಮೀಟರಿನವರೆಗೆ ಏರಬಹುದು. ಮೊದಲನೆಯ ಪ್ರಮಾಣದಲ್ಲಿ 75 ಮೀಟರಿಗೇ ನಿಲ್ಲಬೇಕು. 200 ಮೀಟರ್ ದೂರದಲ್ಲಿಯಾದರೆ ಮೊದಲನೆಯ ಪ್ರಮಾಣ ಅನುಮತಿಸುವುದು ಹೆಲಿಪ್ಯಾಡಿನ ಮಟ್ಟಕ್ಕಿಂತ ಕೇವಲ ಒಂಬತ್ತು ಮೀಟರ್, ಅಂದರೆ ಮೂರು ಮಹಡಿಗಳನ್ನು ಮಾತ್ರ. ಈ ಸೌಮ್ಯವಾದ ಇಳಿಜಾರು ಸುಮಾರು 3,400 ಮೀಟರ್ ದೂರ ಸಾಗಿ ಹೆಲಿಪ್ಯಾಡಿಗಿಂತ ಸುಮಾರು 152 ಮೀಟರ್ ಎತ್ತರ ಮುಟ್ಟುವುದರಿಂದ, ಒಂದು ಹೆಲಿಪ್ಯಾಡಿನ ಹಿತ ನಗರದ ಅನೇಕ ಬಡಾವಣೆಗಳ ಮೇಲೆ ಚಾಚಿಕೊಳ್ಳುತ್ತದೆ.

ನೇರವಾಗಿ ಏರಬಲ್ಲ ಯಂತ್ರಕ್ಕೆ ಇಷ್ಟು ಉದ್ದನೆಯ ದಾರಿ ಏಕೆಂಬುದಕ್ಕೆ ಉತ್ತರ ಎಂಜಿನ್ ಕೈಕೊಡುವ ಕ್ಷಣದಲ್ಲಿದೆ. ಜನನಿಬಿಡ ನಗರದ ಮೇಲೆ ಹಾರುವ ಆಂಬುಲೆನ್ಸ್ ಹೆಲಿಕಾಪ್ಟರಿಗೆ ಎರಡು ಎಂಜಿನ್‌ಗಳಿರಬೇಕೆಂದೂ, ಹೊರಡುವಾಗ ಅಥವಾ ಇಳಿಯುವಾಗ ಅವುಗಳಲ್ಲಿ ಒಂದು ನಿಂತುಹೋದರೆ ಉಳಿದ ಒಂದರ ಬಲದಿಂದಲೇ ಅದು ಹೆಲಿಪ್ಯಾಡಿಗೆ ಹಿಂದಿರುಗಬೇಕು ಇಲ್ಲವೇ ಕಟ್ಟಡಗಳನ್ನು ದಾಟಿ ಪಾರಾಗಬೇಕೆಂದೂ ಸುರಕ್ಷತೆಯ ಅತ್ಯುನ್ನತ ಶ್ರೇಣಿಯ ನಿಯಮಗಳು ಹೇಳುತ್ತವೆ. ಒಂದೇ ಎಂಜಿನ್ನಿನಲ್ಲಿ, ವೈದ್ಯರು, ರೋಗಿ ಮತ್ತು ಉಪಕರಣಗಳ ಭಾರ ಹೊತ್ತ ಹೆಲಿಕಾಪ್ಟರ್ ಕಡಿದಾಗಿ ಏರಲಾರದು. ಅದು ದೂರ ಕ್ರಮಿಸುತ್ತ ನಿಧಾನವಾಗಿ ಎತ್ತರ ಗಳಿಸಬೇಕು. ಹೀಗಾಗಿ ಹೆಚ್ಚು ಸುರಕ್ಷಿತವಾದ ಹಾರಾಟಕ್ಕೆ ಹೆಚ್ಚು ಸೌಮ್ಯವಾದ ಇಳಿಜಾರು ಬೇಕಾಗುತ್ತದೆ. ಇದರ ಜೊತೆಗೆ ಗಾಳಿಯ ಲೆಕ್ಕವೂ ಇದೆ. ಹೆಲಿಕಾಪ್ಟರ್ ಎದುರುಗಾಳಿಯಲ್ಲಿ ಇಳಿಯುವುದು ಕ್ಷೇಮ. ಗಾಳಿ ದಿಕ್ಕು ಬದಲಿಸಿದಾಗ ಇನ್ನೊಂದು ಮಾರ್ಗ ಬೇಕಾದ್ದರಿಂದ ಪ್ರತಿಯೊಂದು ಇಳಿದಾಣಕ್ಕೂ ಬೇರೆಬೇರೆ ದಿಕ್ಕಿನ ಎರಡು ಮಾರ್ಗಗಳಿರುವುದು ಅಪೇಕ್ಷಣೀಯ. ಎತ್ತರದ ಕಟ್ಟಡವು ಮಾರ್ಗದೊಳಗೆ ಬರದೆ ಪಕ್ಕದಲ್ಲಿ ನಿಂತಿದ್ದರೂ ಅದರ ಮರೆಯಲ್ಲಿ ಗಾಳಿ ಸುಳಿಸುಳಿಯಾಗಿ ಒಡೆದು, ಇಳಿಯುವ ಯಂತ್ರವನ್ನು ಅಲುಗಾಡಿಸಬಲ್ಲದು.

ಇಪ್ಪತ್ತೊಂದನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಲಂಡನ್, ಟೊರಾಂಟೊ, ಮೆಲ್ಬರ್ನ್ ನಗರಗಳ ಹೃದಯಭಾಗಗಳು ವಸತಿ ಗೋಪುರಗಳಿಂದ ತುಂಬತೊಡಗಿದಾಗ ಈ ಲೆಕ್ಕಾಚಾರ ಸಂಕಟಕ್ಕೆ ಸಿಕ್ಕಿತು. ದೊಡ್ಡ ಆಸ್ಪತ್ರೆಗಳು ಹಳೆಯವಾದ್ದರಿಂದ ನಗರದ ನಡುವೆಯೇ ಇದ್ದವು, ಭೂಮಿಯ ಬೆಲೆ ಗಗನಕ್ಕೇರಿದ್ದೂ ಅಲ್ಲಿಯೇ. ರಾಯಲ್ ಲಂಡನ್ ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋದಾಗ ಅದರ ಹೆಲಿಪ್ಯಾಡ್ 17ನೇ ಮಹಡಿಯ ಎತ್ತರಕ್ಕೆ ಏರಿತು. ಆದರೆ ಪ್ರತಿಯೊಂದು ನೆರೆಯ ಕಟ್ಟಡ ಬೆಳೆದಾಗಲೂ ಆಸ್ಪತ್ರೆ ಎತ್ತರಕ್ಕೇರುತ್ತ ಹೋಗಲು ಸಾಧ್ಯವಿಲ್ಲ. ಕಟ್ಟಡಕ್ಕಿಂತ ಮೊದಲು ಬರುವ ಅಪಾಯ ಕ್ರೇನಿನದು ಎಂಬುದನ್ನು 2013ರ ಜನವರಿ 16ರ ಬೆಳಗಿನ ದುರಂತ ತೋರಿಸಿತು. ಲಂಡನ್ನಿನ ವಾಕ್ಸ್‌ಹಾಲ್ ಬಳಿ ನಿರ್ಮಾಣ ಹಂತದಲ್ಲಿದ್ದ ಗೋಪುರದ ಕ್ರೇನಿನ ತುದಿ ಮೋಡದಲ್ಲಿ ಮರೆಯಾಗಿದ್ದಾಗ ಖಾಸಗಿ ಹೆಲಿಕಾಪ್ಟರೊಂದು ಅದಕ್ಕೆ ಬಡಿದು, ಪೈಲಟ್ ಮತ್ತು ಬೀದಿಯಲ್ಲಿದ್ದ ಒಬ್ಬ ಪಾದಚಾರಿ ಸತ್ತರು. ಅದು ಆಂಬುಲೆನ್ಸ್ ಆಗಿರಲಿಲ್ಲ. ಆದರೂ, ನಕ್ಷೆಯಲ್ಲಿ ಕಟ್ಟಡದ ಅಂತಿಮ ಎತ್ತರವನ್ನಷ್ಟೇ ನೋಡಿ ಅನುಮತಿ ಕೊಡುವ ಪದ್ಧತಿಯಲ್ಲಿ, ಅದನ್ನು ಕಟ್ಟುವ ಅವಧಿಯಲ್ಲಿ ಇನ್ನೂ ಮೇಲಕ್ಕೆ ಚಾಚುವ ಕ್ರೇನು ಲೆಕ್ಕ ತಪ್ಪಬಾರದೆಂಬ ಎಚ್ಚರ ಆಸ್ಪತ್ರೆಗಳ ವಿಷಯದಲ್ಲಿಯೂ ಅಷ್ಟೇ ಪ್ರಸ್ತುತವಾಗಿತ್ತು.

ಕಾನೂನಿನ ಮಟ್ಟದಲ್ಲಿ ತೊಡಕು ಇನ್ನೂ ಆಳವಾಗಿತ್ತು, ಮತ್ತು ಅದನ್ನು ಕೆನಡಾದ ಉದಾಹರಣೆ ಸ್ಪಷ್ಟವಾಗಿ ತೋರಿಸುತ್ತದೆ. ವಿಮಾನಯಾನ ಸಂಪೂರ್ಣವಾಗಿ ಒಕ್ಕೂಟ ಸರ್ಕಾರದ ಅಧಿಕಾರವೆಂದೂ, ಸ್ಥಳೀಯ ಆಡಳಿತಗಳು ವಿಮಾನದಾಣಗಳನ್ನು ನಿಯಂತ್ರಿಸಲಾಗದೆಂದೂ ಅಲ್ಲಿನ ಸುಪ್ರೀಂ ಕೋರ್ಟ್ ಯೋಹಾನೆಸನ್ ಪ್ರಕರಣದಲ್ಲಿ ತೀರ್ಪು ನೀಡಿತ್ತು. ಆದರೆ ಆಸ್ಪತ್ರೆ ನಡೆಸುವುದು ಪ್ರಾಂತದ ಹೊಣೆ, ಯಾವ ನಿವೇಶನದಲ್ಲಿ ಎಷ್ಟು ಎತ್ತರ ಕಟ್ಟಬಹುದೆಂದು ನಿರ್ಧರಿಸುವುದು ನಗರಾಡಳಿತದ ಕೆಲಸ. ಆಕಾಶ ಒಬ್ಬರ ಕೈಯಲ್ಲಿ, ಆಸ್ಪತ್ರೆ ಮತ್ತೊಬ್ಬರ ಕೈಯಲ್ಲಿ, ಕಟ್ಟಡದ ಪರವಾನಗಿ ಮಗದೊಬ್ಬರ ಕೈಯಲ್ಲಿ ಇದ್ದುದರಿಂದ, ಮೂರರ ನಡುವೆ ಹಾದುಹೋಗುವ ಮಾರ್ಗ ಯಾರ ಹೊಣೆಯೂ ಆಗದೆ ಉಳಿದಿತ್ತು. ಟೊರಾಂಟೊ ನಗರವು 2017ರಲ್ಲಿ ಈ ಬಿರುಕನ್ನು ತನ್ನ ವಲಯ ನಿಯಮಗಳ ಮೂಲಕವೇ ಮುಚ್ಚಿತು. ಗಂಭೀರ ಅಪಘಾತಗಳ ಚಿಕಿತ್ಸೆಯ ಸೇಂಟ್ ಮೈಕಲ್ಸ್ ಆಸ್ಪತ್ರೆ ಮತ್ತು ಮಕ್ಕಳ ಆಸ್ಪತ್ರೆಯಾದ ಸಿಕ್‌ಕಿಡ್ಸ್‌ಗಳ ಹೆಲಿಪ್ಯಾಡುಗಳಿಗೆ ಹೋಗುವ ಮಾರ್ಗಗಳನ್ನು ನಕ್ಷೆಯಲ್ಲಿ ಗುರುತಿಸಿ, ಕಟ್ಟಡದ ಯಾವುದೇ ಭಾಗವಾಗಲಿ, ನಿರ್ಮಾಣಕಾಲದ ಕ್ರೇನಿನಂಥ ತಾತ್ಕಾಲಿಕ ರಚನೆಯಾಗಲಿ ಆ ಮಾರ್ಗದ ಕೆಳಗೆ ಅಥವಾ ಹೊರಗೇ ಇರಬೇಕೆಂದು ಅದು ವಿಧಿಸಿತು. ಹಾರಾಟವನ್ನು ನಿಯಂತ್ರಿಸಲು ನಗರಕ್ಕೆ ಅಧಿಕಾರವಿಲ್ಲದಿದ್ದರೂ, ಕಟ್ಟಡದ ಎತ್ತರವನ್ನು ನಿಯಂತ್ರಿಸುವ ತನ್ನ ಹಳೆಯ ಅಧಿಕಾರದಿಂದಲೇ ಅದು ಹಾರಾಟವನ್ನು ಕಾಪಾಡಿತೆಂಬುದು ಈ ಕ್ರಮದ ವಿಶೇಷ.

ಮೆಲ್ಬರ್ನಿನ ಹಾದಿಯೂ ಇದಕ್ಕೆ ಸಮೀಪದ್ದು. ವಿಕ್ಟೋರಿಯಾ ರಾಜ್ಯವು 2000ದಿಂದ ಈಚೆಗೆ ಅತಿ ತೀವ್ರ ಗಾಯಾಳುಗಳನ್ನೆಲ್ಲ ದಿ ಆಲ್ಫ್ರೆಡ್, ರಾಯಲ್ ಮೆಲ್ಬರ್ನ್ ಮತ್ತು ರಾಯಲ್ ಚಿಲ್ಡ್ರನ್ಸ್ ಎಂಬ ಮೂರೇ ಆಸ್ಪತ್ರೆಗಳಿಗೆ ಒಯ್ಯುವ ವ್ಯವಸ್ಥೆಯನ್ನು ಕಟ್ಟಿಕೊಂಡಿತ್ತು. ನುರಿತ ತಜ್ಞರು ಒಂದೆಡೆ ಇದ್ದರೆ ಹೆಚ್ಚು ಜೀವಗಳು ಉಳಿಯುತ್ತವೆಂಬ ಈ ವ್ಯವಸ್ಥೆಯಲ್ಲಿ, ಮೂರರಲ್ಲಿ ಒಂದರ ಆಕಾಶ ಮುಚ್ಚಿದರೂ ದೂರದ ಊರುಗಳವರೆಲ್ಲರಿಗೂ ಅದರ ನಷ್ಟ ತಟ್ಟುತ್ತದೆ. 2017ರಲ್ಲಿ ಆ ರಾಜ್ಯದ ಯೋಜನಾ ನಿಯಮಗಳಿಗೆ ಹೆಲಿಕಾಪ್ಟರ್ ಮಾರ್ಗ ರಕ್ಷಣಾ ಪ್ರದೇಶಗಳು ಸೇರಿಕೊಂಡವು. ಹೆಲಿಪ್ಯಾಡಿಗೆ ಹತ್ತಿರದ ಒಳವಲಯ ಮತ್ತು ದೂರದ ಹೊರವಲಯಗಳೆಂದು ಅವನ್ನು ವಿಂಗಡಿಸಿ, ನಿಗದಿತ ಎತ್ತರ ಮೀರುವ ನಿರ್ಮಾಣಗಳು ಆರೋಗ್ಯ ಇಲಾಖೆಯ ಪರಿಶೀಲನೆಗೂ ಒಳಪಡುವಂತೆ ಮಾಡಲಾಯಿತು. ಮರುವರ್ಷ, ವಿಮಾನ ನಿಲ್ದಾಣಗಳ ರಕ್ಷಣೆಗೆಂದು 2012ರಲ್ಲಿ ರೂಪುಗೊಂಡಿದ್ದ ಆಸ್ಟ್ರೇಲಿಯಾದ ರಾಷ್ಟ್ರೀಯ ಚೌಕಟ್ಟಿಗೆ, ಆಸ್ಪತ್ರೆಗಳಂಥ ಮಹತ್ವದ ಹೆಲಿಕಾಪ್ಟರ್ ಇಳಿದಾಣಗಳನ್ನು ಕುರಿತ ಪ್ರತ್ಯೇಕ ಮಾರ್ಗಸೂಚಿಯೂ ಸೇರಿತು.

ಈ ಕ್ರಮಗಳಿಗೆ ಎದುರಾದ ಆಕ್ಷೇಪಗಳನ್ನು ಕೇವಲ ಲಾಭಕೋರತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆಸ್ಪತ್ರೆ, ರೈಲು, ಉದ್ಯೋಗಗಳಿರುವ ನಗರಕೇಂದ್ರದಲ್ಲಿಯೇ ಹೆಚ್ಚು ಮನೆಗಳಿರಬೇಕೆಂಬುದು ಸಾಮಾಜಿಕವಾಗಿಯೂ ಸರಿಯಾದ ವಾದ. ಮಾರ್ಗದ ಕೆಳಗಿನ ನಿವೇಶನದ ಒಡೆಯನಿಗೆ ಆಗುವ ನಷ್ಟವೂ ನಿಜವಾದದ್ದೇ. ಆದರೆ ಹಾರಾಟ ಮಾರ್ಗವು ಇಡೀ ನಗರವನ್ನು ತಗ್ಗಿಸುವುದಿಲ್ಲ. ಆಯ್ದ ಒಂದೆರಡು ದಿಕ್ಕುಗಳಲ್ಲಿ ಮಾತ್ರ ಎತ್ತರಕ್ಕೆ ಮಿತಿ ಹಾಕಿ ಉಳಿದೆಡೆ ಬೆಳೆಯಲು ಬಿಡುತ್ತದೆ. ಮೊದಲೇ ನಕ್ಷೆಯಲ್ಲಿ ದಾಖಲಾದ ಮಿತಿಯು ನಿವೇಶನದ ಬೆಲೆಯಲ್ಲಿಯೇ ಪ್ರತಿಫಲಿಸುವುದರಿಂದ ಕೊಳ್ಳುವವನಿಗೆ ಮೋಸವಾಗುವುದಿಲ್ಲ. ಕಟ್ಟಡಕ್ಕೆ ಅನುಮತಿ ಕೇಳಿದ ನಂತರ ಹುಟ್ಟುವ ಮಿತಿಯೇ ಎಲ್ಲರಿಗೂ ದುಬಾರಿ. ಆದ್ದರಿಂದ ವಿವಾದದ ತಿರುಳು ಮಿತಿ ಬೇಕೇ ಬೇಡವೇ ಎಂಬುದಕ್ಕಿಂತ, ಮಿತಿ ಯಾವಾಗ ಬರೆಯಲ್ಪಡುತ್ತದೆ ಎಂಬುದರಲ್ಲಿದೆ.

ಕರ್ನಾಟಕಕ್ಕೆ ಆಕಾಶದ ಮಿತಿ ಅಪರಿಚಿತವಾದ ವಿಷಯವೇನಲ್ಲ. ವಿಮಾನದಾಣದಿಂದ 20 ಕಿಲೋಮೀಟರ್ ಮೀರದ ವ್ಯಾಪ್ತಿಯಲ್ಲಿ ಕಟ್ಟಡಗಳನ್ನೂ ಮರಗಳನ್ನೂ ನಿಯಂತ್ರಿಸುವ ಅಧಿಕಾರವನ್ನು ವಿಮಾನ ಅಧಿನಿಯಮದ 1972ರ ತಿದ್ದುಪಡಿ ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. 2015ರ ಎತ್ತರ ನಿರ್ಬಂಧ ನಿಯಮಗಳ ನಂತರ, ಯಾವ ಪ್ರದೇಶದಲ್ಲಿ ಎಷ್ಟು ಎತ್ತರಕ್ಕೆ ಅವಕಾಶವಿದೆಯೆಂದು ಬಣ್ಣಗಳಲ್ಲಿ ತೋರಿಸುವ ವಲಯ ನಕ್ಷೆಗಳು ಬಳಕೆಗೆ ಬಂದವು. 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೂ ಎಚ್‌ಎಎಲ್ ನಿಲ್ದಾಣದ ಸುತ್ತ ಬಹುಮಹಡಿ ಕಟ್ಟಡ ಕಟ್ಟುವವರು ನಿರಾಕ್ಷೇಪಣಾ ಪತ್ರ ಪಡೆಯಬೇಕಾಗಿರುವುದು ಬೆಂಗಳೂರಿನ ನಿರ್ಮಾಣ ವಲಯಕ್ಕೆ ದಿನನಿತ್ಯದ ಅನುಭವ. ಅದೇ ಬೆಂಗಳೂರಿನಲ್ಲಿ 1992ರ ಆಗಸ್ಟ್ 20ರಂದು ಧ್ರುವ್ ಹೆಲಿಕಾಪ್ಟರ್ ಮೊದಲ ಬಾರಿಗೆ ಹಾರಿತು; 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. 2024ರ ಅಕ್ಟೋಬರ್‌ನಲ್ಲಿ ಋಷಿಕೇಶದ ಏಮ್ಸ್ ಆಸ್ಪತ್ರೆಯಿಂದ ಹೆಲಿಕಾಪ್ಟರ್ ಆಂಬುಲೆನ್ಸ್ ಆರಂಭವಾಗಿರುವುದನ್ನು ನೋಡಿದರೆ, ಹೆಲಿಕಾಪ್ಟರ್ ಕಟ್ಟುವ ಈ ನಾಡಿನ ಆಸ್ಪತ್ರೆಗಳಿಗೂ ಅಂಥ ಸೇವೆ ದೊಡ್ಡ ಪ್ರಮಾಣದಲ್ಲಿ ಬರುವ ದಿನ ದೂರವಿರಲಾರದು.

ಆ ದಿನಕ್ಕೆ ಇಲ್ಲಿಯ ಎರಡು ರೂಢಿಗಳು ಬೆಳಕು ತೋರಬಲ್ಲವು. ಮೊದಲನೆಯದು ಜೀವನ್ಮರಣದ ಹೊತ್ತಿನಲ್ಲಿ ಆಂಬುಲೆನ್ಸಿಗೆ ದಾರಿ ತೆರವು ಮಾಡುವ, ಜನರ ಬಾಯಲ್ಲಿ ಝೀರೋ ಟ್ರಾಫಿಕ್ ಎಂದೇ ಹೆಸರಾದ ಪದ್ಧತಿ. 2020ರ ಫೆಬ್ರವರಿಯಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಹೃದಯದ ಕಾಯಿಲೆಯಿದ್ದ ಹಸುಗೂಸನ್ನು ಐದು ಗಂಟೆಗೂ ಕಡಿಮೆ ಅವಧಿಯಲ್ಲಿ ತಲುಪಿಸಲು ಪೊಲೀಸರೂ ಊರೂರಿನ ಜನರೂ ರಸ್ತೆಯುದ್ದಕ್ಕೂ ನಿಂತು ದಾರಿ ಬಿಡಿಸಿದರು. ನೆಲದ ದಾರಿಯನ್ನು ಹೀಗೆ ಕೆಲವು ನಿಮಿಷಗಳಲ್ಲಿ ತೆರವುಗೊಳಿಸಬಹುದು. ಕಾಂಕ್ರೀಟಿನ ಗೋಪುರ ಎದ್ದುನಿಂತ ಆಕಾಶದ ದಾರಿಯನ್ನು ಯಾವ ಜನಸಮೂಹದ ಸದಿಚ್ಛೆಯೂ ತೆರವುಗೊಳಿಸಲಾರದು. ಎರಡನೆಯದು ಗ್ರಾಮ ನಕಾಶೆಯ ರೂಢಿ: ಹೊಲಗಳ ನಡುವೆ ಹಾಯುವ ಬಂಡಿದಾರಿಯನ್ನು ಕಂದಾಯ ಇಲಾಖೆಯ ನಕಾಶೆಯಲ್ಲಿ ಗೆರೆ ಎಳೆದು ಗುರುತಿಸಿರುವುದರಿಂದಲೇ, ಅದನ್ನು ಉತ್ತು ಸೇರಿಸಿಕೊಂಡವನ ವಿರುದ್ಧ ಊರಿನವರು ತಹಶೀಲ್ದಾರರ ಬಳಿ ದನಿಯೆತ್ತಲು ಸಾಧ್ಯವಾಗುತ್ತದೆ. ಟೊರಾಂಟೊ ಮತ್ತು ಮೆಲ್ಬರ್ನ್ ಮಾಡಿದ್ದು ತಾತ್ವಿಕವಾಗಿ ಇದನ್ನೇ.

ಎಂಟು ದಶಕಗಳ ಈ ಇತಿಹಾಸದಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. ಹೆಲಿಕಾಪ್ಟರ್ ಎಲ್ಲಿ ಬೇಕಾದರೂ ಇಳಿಯುತ್ತದೆಂಬ ನಂಬಿಕೆಯಲ್ಲಿ ಕಳೆದ ವರ್ಷಗಳಲ್ಲಿ ನಗರಗಳು ಆಸ್ಪತ್ರೆಗಳ ಆಕಾಶವನ್ನು ಯಾರದ್ದೂ ಅಲ್ಲದ ಜಾಗವೆಂದು ಬಗೆದವು. ಅದು ಎಲ್ಲರದೂ ಆದ ಜಾಗವೆಂದು ಬರೆದಿಟ್ಟ ನಗರಗಳು ಮಾತ್ರ ಅದನ್ನು ಉಳಿಸಿಕೊಂಡವು. ಬೆಂಗಳೂರು, ಹುಬ್ಬಳ್ಳಿ, ಮಂಗಳೂರು, ಮೈಸೂರುಗಳ ಮುಂದಿನ ಮಾಸ್ಟರ್ ಪ್ಲಾನ್‌ಗಳು ರೂಪುಗೊಳ್ಳುವಾಗ ಪ್ರಮುಖ ಅಪಘಾತ ಚಿಕಿತ್ಸಾ ಆಸ್ಪತ್ರೆಗಳನ್ನು ಮೊದಲು ಗುರುತಿಸಿ, ಪ್ರತಿಯೊಂದಕ್ಕೂ ಗಾಳಿಯ ದಿಕ್ಕನ್ನು ಅನುಸರಿಸಿದ ಎರಡು ಮಾರ್ಗಗಳನ್ನು ನಕ್ಷೆಯಲ್ಲಿ ಎಳೆದು, ಕಟ್ಟಡಕ್ಕೂ ಕ್ರೇನಿಗೂ ಒಂದೇ ಮಿತಿ ವಿಧಿಸುವುದು ಹೆಚ್ಚು ವೆಚ್ಚದ ಕೆಲಸವಲ್ಲ. ಹೆಲಿಕಾಪ್ಟರನ್ನು ಮುಂದೆಂದಾದರೂ ಕೊಳ್ಳಬಹುದು, ಹೆಲಿಪ್ಯಾಡನ್ನು ಮುಂದೆಂದಾದರೂ ಕಟ್ಟಬಹುದು. ಮಾರ್ಗವನ್ನು ಮಾತ್ರ ಅದು ಖಾಲಿಯಿರುವಾಗಲೇ ಕಾಯ್ದಿಡಬೇಕು.